ತಡೀರಿ ಸಾರ್, ಓದ್ತೀನಿ

ಅಕ್ಕಂದಿರೇ, ಈ ಪಾಠ ಬ್ಯಾಂಕಿನದು.

ನಿಮ್ಮಲ್ಲಿ ಬಹಳ ಜನಕ್ಕೆ ಬ್ಯಾಂಕಿನಲ್ಲಿ ಖಾತೆ ಇದೆ. ವಿಧವಾ ವೇತನ, ಮುಪ್ಪಿನ ಪಿಂಚಣಿ, ಡೇರಿಯ ಹಾಲಿನ ದುಡ್ಡು, ಕೂಲಿ ದುಡ್ಡು ಎಲ್ಲ ಈಗ ಖಾತೆಗೇ ಬಂದು ಬೀಳುತ್ತೆ. ಸಂಘದ ಸಾಲವೂ ಅಲ್ಲಿಂದಲೇ ಬರುತ್ತೆ. ಹಣ ಇದ್ದ ಕಡೆ ಲೆಕ್ಕ ಇರುತ್ತೆ. ಲೆಕ್ಕ ಇದ್ದ ಕಡೆ ಒಂದೊಂದು ಸಲ ತಪ್ಪೂ ಇರುತ್ತೆ. ತಪ್ಪು ನಮ್ಮದಿರಬಹುದು. ಬ್ಯಾಂಕಿನದೂ ಇರಬಹುದು.

ಆಗ ಏನು ಮಾಡೋದು? ಕೌಂಟರಿನ ಮುಂದೆ ನಿಂತು ಕೂಗಾಡಿದರೆ ಹೊರಗೆ ಕಳಿಸ್ತಾರೆ. ಸುಮ್ಮನಿದ್ದರೆ ಹಣ ಹೋಗುತ್ತೆ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ. ಇವು ಮೂರನ್ನೂ ಬಿಟ್ಟು ಇನ್ನೊಂದು ದಾರಿ ಇದೆ. ಎರಡೂ ಕಡೆಯವರು ಎದುರುಬದುರು ಕೂರುವುದು. ನಡುವೆ ತಿಳಿದವರೊಬ್ಬರನ್ನು ಕೂರಿಸಿಕೊಳ್ಳುವುದು. ಮಾತಾಡಿ ಬಗೆಹರಿಸಿಕೊಳ್ಳುವುದು. ಇದಕ್ಕೆ ರಾಜಿ ಸಂಧಾನ ಅಂತ ಹೆಸರು.

ರಾಜಿ ಅನ್ನೋ ಮಾತು ನಮಗೆ ಹೊಸದಲ್ಲ. ಅರಳಿಕಟ್ಟೆಯ ಮೇಲೆ ರಾಜಿ ಪಂಚಾಯ್ತಿ ನೋಡಿದ್ದೇವೆ. ಆದರೆ ಅಲ್ಲಿ ಮಾತಾಡುತ್ತಿದ್ದವರು ಗಂಡಸರು. ಹೆಂಗಸರು ದೂರ ನಿಂತು, ಸೆರಗು ಬಾಯಿಗೆ ಹಿಡಿದು ಕೇಳುತ್ತಿದ್ದರು. ತೀರ್ಮಾನ ಆದ ಮೇಲೆ "ಆಯ್ತಲ್ಲಮ್ಮ, ಒಪ್ಪಿಕೋ" ಅನ್ನುತ್ತಿದ್ದರು. ಒಪ್ಪದೆ ಬೇರೆ ದಾರಿ ಇರಲಿಲ್ಲ. ನಾವು ಈ ಪಾಠದಲ್ಲಿ ಹೇಳುವ ರಾಜಿ ಅಂಥದ್ದಲ್ಲ. ಇಲ್ಲಿ ನೀವೇ ಮಾತಾಡಬಹುದು. ಬೇಡ ಅನ್ನಿಸಿದರೆ ಬೇಡ ಅನ್ನಬಹುದು.

ಗಂಗಮ್ಮನ ಎಮ್ಮೆ ಸಾಲ

ಒಂದು ಕತೆಯ ಮೂಲಕ ನೋಡೋಣ. ಹೆಸರು, ಊರು, ಲೆಕ್ಕ ಎಲ್ಲ ನಾವು ಕಟ್ಟಿದ್ದು. ತೊಂದರೆ ಮಾತ್ರ ನಾವು ಕಟ್ಟಿದ್ದಲ್ಲ.

ಶಿರಾ ಸೀಮೆಯ ಒಂದು ಹಳ್ಳಿ. ಅಲ್ಲಿ ಗಂಗಮ್ಮ ಅಂತ ಒಬ್ಬಳು. ಬ್ಯಾಂಕಿನಿಂದ 50,000 ರೂಪಾಯಿ ಸಾಲ ತಗೊಂಡು ಒಂದು ಎಮ್ಮೆ ಕಟ್ಟಿದಳು. ಸಾಲದ ದಿನ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದಳು. ಎಷ್ಟು ಕಾಗದ ಅಂತ ಅವಳಿಗೇ ನೆನಪಿಲ್ಲ. "ಇಲ್ಲೊಂದು ಒತ್ತಮ್ಮ, ಇಲ್ಲೊಂದು ಒತ್ತು" ಅಂತ ತೋರಿಸಿದ ಕಡೆಯೆಲ್ಲ ಒತ್ತಿದಳು. ಬೆರಳಿನ ಮಸಿ ಎರಡು ದಿನ ಹೋಗಲಿಲ್ಲ. ಆ ಕಾಗದದಲ್ಲಿ ಏನು ಬರೆದಿತ್ತು ಅಂತ ಯಾರೂ ಓದಿ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ತಿಂಗಳಿಗೆ 2,000 ರೂಪಾಯಿ ಕಂತು. ಬ್ಯಾಂಕು ಇರೋದು ಹೋಬಳಿಯಲ್ಲಿ. ಹೋಗಿ ಬಂದರೆ ಒಂದು ದಿನದ ಕೂಲಿ ಹೋಯ್ತು. ಊರಲ್ಲೇ ಒಬ್ಬ ಬ್ಯಾಂಕ್ ಮಿತ್ರ ಇದ್ದ. ಕೈಯಲ್ಲಿ ಒಂದು ಪುಟ್ಟ ಮೆಷಿನ್ನು. ಹಣ ತಗೊಂಡು, ಒತ್ತಿ, ಚೀಟಿ ಹರಿದು ಕೊಡುತ್ತಿದ್ದ. ಗಂಗಮ್ಮ ಅವನ ಹತ್ತಿರವೇ ಕಂತು ಕಟ್ಟುತ್ತಿದ್ದಳು. ಚೀಟಿಗಳನ್ನೆಲ್ಲ ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು.

ಅದೇ ಹೊತ್ತಿಗೆ ಅವಳು ರಾತ್ರಿ ಹೊತ್ತಿನ ಕಲಿಕಾ ಕೇಂದ್ರಕ್ಕೆ ಸೇರಿದಳು. ಕಲಿಸುವ ಹುಡುಗಿ ಹೇಳಿದಳು, "ದಿನಾ ಒಂದು ಲೆಕ್ಕ ಬರೀರಿ ಅಕ್ಕ. ಬರೆದರೇ ಕೈ ತಿರುಗೋದು." ಗಂಗಮ್ಮ ನೋಟ್‌ಬುಕ್ಕಿನಲ್ಲಿ ಹಾಲಿನ ಲೆಕ್ಕ ಬರೆದಳು. ಹಿಂಡಿ ಬೂಸದ ಲೆಕ್ಕ ಬರೆದಳು. ಕಂತು ಕಟ್ಟಿದ ದಿನ "ಕಂತು 2000" ಅಂತ ಬರೆದಳು. ಅಕ್ಷರ ಸೊಟ್ಟ. ಅಂಕಿ ಮಾತ್ರ ನೆಟ್ಟಗೆ.

ನಡುವೆ ಗಂಡನಿಗೆ ಕಾಯಿಲೆ ಆಯ್ತು. ನಾಲ್ಕು ತಿಂಗಳು ಕಂತು ಕಟ್ಟೋಕೆ ಆಗಲಿಲ್ಲ. ಇದು ಗಂಗಮ್ಮನ ಕಡೆಯ ತಪ್ಪು. ಬ್ಯಾಂಕಿಗೆ ಹೋಗಿ "ಹೀಗಾಗಿದೆ, ಸ್ವಲ್ಪ ಟೈಮು ಕೊಡಿ" ಅಂತ ಅರ್ಜಿ ಕೊಡಬೇಕಿತ್ತು. ಕೊಡಲಿಲ್ಲ. ಹೆದರಿಕೊಂಡು ಆ ಬೀದಿಗೇ ಹೋಗಲಿಲ್ಲ.

ನೋಟೀಸು ಬಂತು

ಒಂದು ದಿನ ಅಂಚೆಯವನು ಒಂದು ಲಕೋಟೆ ಕೊಟ್ಟು ಹೋದ. ಒಳಗೆ ನೋಟೀಸು. ಮೇಲೆ ಕೋರ್ಟಿನ ಮುದ್ರೆ. ಗಂಗಮ್ಮನ ಎದೆ ಧಸಕ್ ಅಂತು.

ಪಕ್ಕದ ಮನೆಯವಳು ಹೇಳಿದಳು, "ಪೊಲೀಸ್ನೋರು ಬರ್ತಾರೆ ಕಣೇ. ಎಮ್ಮೆ ಹೊಡ್ಕೊಂಡು ಹೋಗ್ತಾರೆ."

ಮೈದುನ ಹೇಳಿದ, "ಹೋಗಲೇಬೇಡ ಅತ್ತಿಗೆ. ನೋಟೀಸು ಬಂದೇ ಇಲ್ಲ ಅಂದ್ಬಿಡು."

ಗಂಗಮ್ಮ ಇಬ್ಬರ ಮಾತನ್ನೂ ಕೇಳಲಿಲ್ಲ. ದೀಪದ ಕೆಳಗೆ ಕೂತು ನೋಟೀಸನ್ನು ತಾನೇ ಓದಿದಳು. ಒಂದು ಸಲ ಓದಿದಾಗ ಏನೂ ತಿಳಿಯಲಿಲ್ಲ. ಎರಡನೇ ಸಲ ತನ್ನ ಹೆಸರು ಸಿಕ್ಕಿತು. ಮೂರನೇ ಸಲ ಎರಡು ಮಾತು ಸಿಕ್ಕಿದವು. ಒಂದು "ಲೋಕ ಅದಾಲತ್". ಇನ್ನೊಂದು "ರಾಜಿ". ಕೆಳಗೆ ಒಂದು ಅಂಕಿ ಇತ್ತು. 23,400. ಮಾರನೇ ದಿನ ನೋಟೀಸನ್ನು ಕಲಿಕಾ ಕೇಂದ್ರಕ್ಕೆ ತಗೊಂಡು ಹೋದಳು.

ಲೋಕ ಅದಾಲತ್ ಅಂದರೆ ಏನು?

ಲೋಕ ಅಂದರೆ ಜನ. ಅದಾಲತ್ ಅಂದರೆ ನ್ಯಾಯಾಲಯ. ಜನತಾ ನ್ಯಾಯಾಲಯ ಅಂತಲೂ ಕರೀತಾರೆ. ಇದಕ್ಕೆ ಕಾನೂನು ಆಗಿದ್ದು 1987ರಲ್ಲಿ. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಇದು ಕೋರ್ಟಿನ ಆವರಣದಲ್ಲೇ ನಡೆಯುತ್ತೆ, ಸಾಮಾನ್ಯವಾಗಿ ಶನಿವಾರ. ಮೇಜಿನ ಆ ಕಡೆ ಒಬ್ಬರು ನ್ಯಾಯಾಧೀಶರು ಇರುತ್ತಾರೆ. ಜೊತೆಗೆ ವಕೀಲರೋ ಸಮಾಜ ಸೇವಕರೋ ಸಂಧಾನಕಾರರಾಗಿ ಕೂತಿರುತ್ತಾರೆ. ಅವರು ಯಾರಿಗೂ ಶಿಕ್ಷೆ ಕೊಡೋಕೆ ಕೂತವರಲ್ಲ. ಇಬ್ಬರಿಗೂ ಒಪ್ಪಿಗೆ ಆಗುವ ಮಾತು ಹುಡುಕೋಕೆ ಕೂತವರು.

ಇಲ್ಲಿಗೆ ಎರಡು ತರಹದ ತಕರಾರು ಬರುತ್ತೆ. ಆಗಲೇ ಕೋರ್ಟಿನಲ್ಲಿ ನಡೀತಿರೋ ಕೇಸು ಒಂದು. ಇನ್ನೂ ಕೋರ್ಟಿಗೇ ಹೋಗದಿರೋ ತಕರಾರು ಇನ್ನೊಂದು. ಗಂಗಮ್ಮನದು ಎರಡನೆಯದು. ಬ್ಯಾಂಕು ಇನ್ನೂ ಕೇಸು ಹಾಕಿರಲಿಲ್ಲ. ಹಾಕುವ ಮುಂಚೆ ಮಾತಾಡೋಣ ಅಂತ ಕರೆಸಿತ್ತು.

ಇದಕ್ಕೆ ಫೀಸು ಇಲ್ಲ. ಕೋರ್ಟಿನಲ್ಲಿದ್ದ ಕೇಸು ಇಲ್ಲಿ ರಾಜಿಯಾದರೆ, ಮೊದಲು ಕಟ್ಟಿದ್ದ ಕೋರ್ಟು ಶುಲ್ಕವನ್ನೂ ವಾಪಸ್ಸು ಕೊಡ್ತಾರೆ. ಹೋಗದಿದ್ದರೆ ಜೈಲೇನೂ ಇಲ್ಲ. ಆದರೆ ಮಾತಾಡುವ ಒಂದು ಒಳ್ಳೇ ಅವಕಾಶ ಕೈತಪ್ಪುತ್ತೆ. ಆಮೇಲೆ ಬ್ಯಾಂಕು ಕೋರ್ಟಿಗೇ ಹೋಗಬಹುದು. ಮೈದುನನ ಬುದ್ಧಿಮಾತು ಕೇಳಿದ್ದರೆ ಗಂಗಮ್ಮನಿಗೆ ಆಗುತ್ತಿದ್ದದ್ದು ಅದೇ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಹೆಂಗಸರಿಗೆ ಸರ್ಕಾರವೇ ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತೆ. ಬಡವಳಾ, ಇದ್ದವಳಾ ಅಂತ ಕೇಳೋಹಾಗಿಲ್ಲ. ಹೆಂಗಸು ಅಂದರೆ ಸಾಕು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಅಂತ ಇದೆ. ಅಲ್ಲಿ ಕೇಳಬೇಕು. 15100 ನಂಬರಿಗೆ ಫೋನು ಮಾಡಿಯೂ ಕೇಳಬಹುದು.

ಹೋಗುವ ಮುಂಚೆ ಮಾಡಿದ ಕೆಲಸ

ಗಂಗಮ್ಮ ಮೊದಲು ಬ್ಯಾಂಕಿಗೆ ಹೋದಳು. ಪಾಸ್‌ಬುಕ್ಕನ್ನು ಪ್ರಿಂಟು ಹಾಕಿಸಿಕೊಂಡು ಬಂದಳು. ಸಾಲದ ಖಾತೆಯ ಲೆಕ್ಕದ ಹಾಳೆಯನ್ನೂ ಕೇಳಿ ತಂದಳು. ಆ ಹಾಳೆಯಲ್ಲಿ ಹೀಗಿತ್ತು: ಅಸಲು ಬಾಕಿ 18,000. ಬಡ್ಡಿ 3,100. ದಂಡ 2,300. ಒಟ್ಟು 23,400.

ಆಮೇಲೆ ಡಬ್ಬಿ ತೆಗೆದಳು. ಚೀಟಿಗಳನ್ನು ಚಾಪೆಯ ಮೇಲೆ ಹರಡಿದಳು. ಒಂದೊಂದು ಚೀಟಿಯನ್ನೂ ಲೆಕ್ಕದ ಹಾಳೆಯ ಜೊತೆ ಹೋಲಿಸಿದಳು. ಸಿಕ್ಕಿದ್ದಕ್ಕೆ ಪೆನ್ಸಿಲಿನಲ್ಲಿ ಒಂದು ಗೀಟು. ಕೊನೆಗೆ ಮೂರು ಚೀಟಿ ಉಳಿದವು. ಮೂರು ಕಂತು ಬ್ಯಾಂಕಿನ ಲೆಕ್ಕದಲ್ಲೇ ಇರಲಿಲ್ಲ. ಮೂರು ಎರಡಲ ಆರು. 6,000 ರೂಪಾಯಿ.

ಮೂರರಲ್ಲಿ ಒಂದು ಚೀಟಿ ಬೆಳ್ಳಗಾಗಿತ್ತು. ಮೆಷಿನ್ನಿನ ಚೀಟಿಯ ಅಕ್ಷರ ಬಿಸಿಲಿಗೆ, ಶಾಖಕ್ಕೆ ಬೇಗ ಅಳಿಸಿಹೋಗುತ್ತೆ. ಅವಳ ಡಬ್ಬಿ ಇದ್ದದ್ದು ಒಲೆಯ ಮೇಲಿನ ಗೂಡಿನಲ್ಲಿ! ಆದರೆ ನೋಟ್‌ಬುಕ್ಕಿನಲ್ಲಿ ಆ ತಾರೀಖು ಇತ್ತು. "ಕಂತು 2000" ಅಂತ ಅವಳ ಕೈಬರಹವೂ ಇತ್ತು. ಉಳಿದ ಎರಡು ಚೀಟಿಯನ್ನೂ ನೋಟ್‌ಬುಕ್ಕಿನ ಆ ಪುಟವನ್ನೂ ಜೆರಾಕ್ಸ್ ಮಾಡಿಸಿದಳು. ನೀವಂತೂ ಚೀಟಿ ಕೈಗೆ ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿ. ಒಂದೆರಡು ರೂಪಾಯಿಗೆ ಜಿಪುಣತನ ಬೇಡ.

ಮೇಜಿನ ಮುಂದೆ

ಶನಿವಾರ. ಕೋರ್ಟಿನ ಆವರಣದ ತುಂಬ ಜನ. ಬ್ಯಾಂಕುಗಳ ಮೇಜಿನ ಮುಂದೆ ಉದ್ದ ಸಾಲು. ಲೋಕ ಅದಾಲತ್ತಿಗೆ ಸಾಲದ ತಕರಾರು ತರುವವರು ಹೆಚ್ಚಾಗಿ ಬ್ಯಾಂಕಿನವರೇ. ಒಂದೇ ದಿನ ಬಹಳ ಲೆಕ್ಕ ಚುಕ್ತಾ ಮಾಡಿ ಮುಗಿಸೋಣ ಅಂತ ಬಂದಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರ ಅವಸರ ನಮ್ಮ ಅವಸರ ಆಗಬಾರದು.

ಗಂಗಮ್ಮನ ಸರದಿ ಬಂತು. ಮ್ಯಾನೇಜರು ಹೇಳಿದರು, "ನೋಡಮ್ಮ, ನಿನ್ನ ಬಾಕಿ 23,400. ಒಂದೇ ಸಲಕ್ಕೆ 18,000 ಕಟ್ಟಿಬಿಡು. ಉಳಿದ 5,400 ಬಿಟ್ಟುಬಿಡ್ತೀವಿ. ಯಾರು ಬಿಡ್ತಾರೆ ಹೇಳು?"

ಸಾಲಿನಲ್ಲಿ ಹಿಂದೆ ನಿಂತವರು, "ಒಪ್ಕೊಳ್ಳೇ ಗಂಗಕ್ಕ, ಒಳ್ಳೇ ಮಾತು" ಅಂದರು.

ಗಂಗಮ್ಮ ಕೇಳಿದಳು, "ಸಾರ್, ನಾನು ಕಟ್ಟಿರೋ ದುಡ್ಡೆಲ್ಲ ಇದರಲ್ಲಿ ಬಂದಿದೆಯಾ?"

"ಕಂಪ್ಯೂಟರಲ್ಲಿ ಇರೋದೆಲ್ಲ ಬಂದಿದೆ."

"ಕಂಪ್ಯೂಟರಲ್ಲಿ ಇಲ್ಲದ್ದು ನನ್ನ ಹತ್ರ ಇದೆ ಸಾರ್" ಅಂತ ಗಂಗಮ್ಮ ಚೀಟಿ, ಜೆರಾಕ್ಸು, ನೋಟ್‌ಬುಕ್ಕು ಎಲ್ಲ ಮೇಜಿನ ಮೇಲೆ ಇಟ್ಟಳು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಬ್ಯಾಂಕು ಬಿಡ್ತೀವಿ ಅಂದದ್ದು 5,400. ಗಂಗಮ್ಮ ಕಟ್ಟಿಯೂ ಲೆಕ್ಕಕ್ಕೆ ಬಾರದ್ದು 6,000. ಯಾವುದು ದೊಡ್ಡದು? ಅವಳಿಗೆ ಸಿಕ್ಕ ರಿಯಾಯಿತಿ ಅವಳ ಹಣಕ್ಕಿಂತ 600 ರೂಪಾಯಿ ಕಡಿಮೆ! ಅವಳದ್ದೇ ದುಡ್ಡನ್ನು ಅವಳಿಗೇ ದಾನ ಕೊಟ್ಟ ಹಾಗೆ. ಮ್ಯಾನೇಜರು ಮೋಸ ಮಾಡೋಕೆ ಹೀಗೆ ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಹೇಳುವವರು ಗಂಗಮ್ಮ ಒಬ್ಬಳೇ ಇದ್ದಳು.

ಸಂಧಾನಕಾರರಾಗಿ ಕೂತಿದ್ದ ವಕೀಲಮ್ಮ ಚೀಟಿಗಳನ್ನು ನೋಡಿದರು. "ಮ್ಯಾನೇಜರೇ, ಈ ಚೀಟಿಯ ಖಾತೆ ನಂಬರು ನೋಡಿ" ಅಂದರು. ಕೊನೆಯ ಅಂಕಿ 6 ಇರಬೇಕಿತ್ತು. 8 ಇತ್ತು. ಮೂರು ಸಲವೂ ಬ್ಯಾಂಕ್ ಮಿತ್ರ ತಪ್ಪು ಅಂಕಿ ಒತ್ತಿದ್ದ. ಹಣ ಇನ್ಯಾರದೋ ಸಾಲದ ಖಾತೆಗೆ ಹೋಗಿ ಕೂತಿತ್ತು. ಮ್ಯಾನೇಜರು ಬ್ಯಾಂಕಿಗೆ ಫೋನು ಮಾಡಿದರು. ಮೂರು ತಾರೀಖು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಹೌದು, ಮೂರೂ ಸಿಕ್ಕಿದವು" ಅಂದರು. ಚೀಟಿ ಬೆಳ್ಳಗಾಗಿದ್ದ ಕಂತೂ ಸಿಕ್ಕಿತು, ನೋಟ್‌ಬುಕ್ಕಿನಲ್ಲಿ ತಾರೀಖು ಇತ್ತಲ್ಲ.

"ತಪ್ಪು ಬ್ಯಾಂಕ್ ಮಿತ್ರನದು" ಅಂದರು ಮ್ಯಾನೇಜರು.

"ಅವನನ್ನು ಇಟ್ಟುಕೊಂಡವರು ನೀವು. ಅವನು ಮಾಡಿದ್ದಕ್ಕೆ ನೀವೇ ಹೊಣೆ" ಅಂದರು ವಕೀಲಮ್ಮ. ಇದು ಅವರ ಸ್ವಂತ ಮಾತಲ್ಲ. ಬ್ಯಾಂಕ್ ಮಿತ್ರರ ಕೆಲಸಕ್ಕೆ ಬ್ಯಾಂಕೇ ಜವಾಬ್ದಾರಿ ಅಂತ ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಎಲ್ಲ ಬ್ಯಾಂಕುಗಳ ಮೇಲೆ ಇರುವ ದೊಡ್ಡ ಬ್ಯಾಂಕು ಅದು.

ಆಮೇಲೆ ವಕೀಲಮ್ಮ ಗಂಗಮ್ಮನ ಕಡೆ ತಿರುಗಿದರು. "ನಾಲ್ಕು ಕಂತು ನೀನು ಕಟ್ಟಲೇ ಇಲ್ಲವಲ್ಲಮ್ಮ?"

"ಇಲ್ಲ ತಾಯಿ. ಮನೆಯವರು ಆಸ್ಪತ್ರೆಯಲ್ಲಿದ್ದರು. ಕಟ್ಟಲ್ಲ ಅನ್ನಲ್ಲ. ಒಂದೇ ಸಲ ಅಂದರೆ ಎಮ್ಮೆ ಮಾರಬೇಕಾಗುತ್ತೆ. ಎಮ್ಮೆ ಮಾರಿದರೆ ಹಾಲಿಲ್ಲ. ಹಾಲಿಲ್ಲದಿದ್ದರೆ ಕಂತು ಎಲ್ಲಿಂದ ಬರುತ್ತೆ?"

ಇದು ಒಳ್ಳೆಯ ಮಾತು. ಅಳಲಿಲ್ಲ. ಬೈಯಲಿಲ್ಲ. ತನ್ನ ತಪ್ಪು ಒಪ್ಪಿಕೊಂಡಳು. ತನ್ನ ಕೈಲಿ ಏನು ಆಗುತ್ತೆ ಅಂತ ಹೇಳಿದಳು. ಮ್ಯಾನೇಜರೂ ಯೋಚನೆ ಮಾಡಿದರು. ಎಮ್ಮೆ ಇದ್ದರೆ ಹಣ ಬರುತ್ತೆ ಅನ್ನೋದು ಅವರಿಗೂ ಗೊತ್ತು.

ಅರ್ಧ ಗಂಟೆ ಮಾತಾಯಿತು. ಕೊನೆಗೆ ಲೆಕ್ಕ ಹೀಗೆ ಬಂತು. ನೀವೂ ಪೆನ್ಸಿಲು ಹಿಡಿದು ಮಾಡಿ ನೋಡಿ.

ಬ್ಯಾಂಕು ಹೇಳಿದ ಬಾಕಿ 23,400.
ತಪ್ಪು ಖಾತೆಗೆ ಹೋದ 6,000 ಕಳೆದರೆ 17,400.
ದಂಡ 2,300 ಬಿಟ್ಟರೆ 15,100.
ಆ 6,000ದ ಮೇಲೆ ಸುಮ್ಮನೆ ಬಿದ್ದಿದ್ದ ಬಡ್ಡಿ 600 ಕಳೆದರೆ 14,500.
ಇದನ್ನು ಹತ್ತು ಕಂತು ಮಾಡಿದರೆ, ತಿಂಗಳಿಗೆ 1,450.

ದಂಡದ ಬಗ್ಗೆ ಒಂದು ಮಾತು. ಕಂತು ತಪ್ಪಿದರೆ ಬ್ಯಾಂಕು ದಂಡ ಹಾಕಬಹುದು. ಆದರೆ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಬಾರದು. ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಹೀಗೆ ಆದೇಶ ಮಾಡಿತು. 2024ರಲ್ಲಿ ಜಾರಿಗೆ ಬಂತು. ಲೆಕ್ಕದ ಹಾಳೆಯಲ್ಲಿ ದಂಡ ಎಷ್ಟು ಅಂತ ಬೇರೆಯಾಗಿ ಕೇಳಿ ತಿಳಿದುಕೊಳ್ಳಿ.

ಸಹಿ

ಇನ್ನೇನು ಮುಗೀತು ಅಂತ ಎಲ್ಲರಿಗೂ ಅನ್ನಿಸಿತು. ಗುಮಾಸ್ತರು ರಾಜಿ ಪತ್ರ ತಂದರು. ಮೊದಲೇ ಅಚ್ಚು ಹಾಕಿದ ನಮೂನೆ. ನಡುವೆ ಹೆಸರು, ಹಣ ಮಾತ್ರ ತುಂಬಿದ್ದರು.

"ಇಲ್ಲಿ ಸಹಿ ಹಾಕಮ್ಮ. ಬೇಗ, ಸಾಲು ನಿಂತಿದೆ."

ಗಂಗಮ್ಮ ಪೆನ್ನು ತಗೊಂಡಳು. ಅವಳಿಗೆ ಆ ಹಳೇ ದಿನ ನೆನಪಾಯಿತು. ಇಲ್ಲೊಂದು ಒತ್ತು, ಇಲ್ಲೊಂದು ಒತ್ತು. ಪೆನ್ನು ಕೆಳಗಿಟ್ಟಳು.

"ತಡೀರಿ ಸಾರ್, ಓದ್ತೀನಿ."

ಗುಮಾಸ್ತರು ಜಡ್ಜ್ ಸಾಹೇಬರ ಮುಖ ನೋಡಿದರು. ಸಾಹೇಬರು, "ಓದಲಿ" ಅಂದರು.

ಗಂಗಮ್ಮ ಬೆರಳಿಟ್ಟು ಓದಿದಳು. ಒಂದೊಂದೇ ಅಕ್ಷರ ಕೂಡಿಸಿ, ಸ್ವಲ್ಪ ಗಟ್ಟಿಯಾಗೇ ಓದಿದಳು. ಹಿಂದೆ ಯಾರೋ ನಕ್ಕರು. ತನ್ನ ಹೆಸರು ಸರಿ ಇತ್ತು. 14,500 ಸರಿ ಇತ್ತು. ಮುಂದಿನ ಸಾಲಿಗೆ ಬಂದಳು. "ಈ ದಿ-ನ-ದಿಂ-ದ ಮೂ-ವ-ತ್ತು ದಿ-ನ-ಗ-ಳ ಒ-ಳ-ಗೆ ಪೂ-ರ್ತಿ…"

ನಿಲ್ಲಿಸಿದಳು. "ಸಾರ್, ಹತ್ತು ತಿಂಗಳು ಅಂದಿದ್ದರಲ್ಲ? ಇಲ್ಲಿ ಮೂವತ್ತು ದಿನ ಅಂತ ಇದೆ."

ನಗು ನಿಂತಿತು. ಮ್ಯಾನೇಜರು ಕಾಗದ ತಗೊಂಡು ನೋಡಿದರು. ಹೌದು. ಅಚ್ಚಿನ ನಮೂನೆಯಲ್ಲಿ ಇದ್ದ ಸಾಲು ಹಾಗೇ ಉಳಿದಿತ್ತು. ಅದನ್ನು ಹೊಡೆದು ಹಾಕಿ, "ತಿಂಗಳಿಗೆ 1,450ರಂತೆ ಹತ್ತು ಕಂತು" ಅಂತ ಬರೆದರು. ತಿದ್ದಿದ ಜಾಗದಲ್ಲಿ ಇಬ್ಬರೂ ಸಹಿ ಹಾಕಿದರು. ಗಂಗಮ್ಮ ಇನ್ನೊಂದು ಸಾಲನ್ನೂ ಸೇರಿಸಿ ಅಂದಳು: ಕೊನೆಯ ಕಂತು ಕಟ್ಟಿದ ಮೇಲೆ ಬೇಬಾಕಿ ಪತ್ರ ಕೊಡತಕ್ಕದ್ದು. ಬೇಬಾಕಿ ಪತ್ರ ಅಂದರೆ ಇವಳ ಸಾಲ ತೀರಿತು, ಇನ್ನು ಏನೂ ಬಾಕಿ ಇಲ್ಲ ಅಂತ ಬ್ಯಾಂಕು ಬರೆದುಕೊಡೋ ಕಾಗದ. ನೋ ಡ್ಯೂ ಅಂತಲೂ ಅಂತಾರೆ.

ಆ ಒಂದು ಸಾಲನ್ನು ಅವಳು ಓದದೆ ಇದ್ದಿದ್ದರೆ ಏನಾಗುತ್ತಿತ್ತು? ಇದನ್ನು ನಾವು ಸ್ವಲ್ಪ ಒತ್ತಿ ಹೇಳಬೇಕು.

ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ. ಅದರ ಮೇಲೆ ಅಪೀಲು ಇಲ್ಲ. ಮೇಲಿನ ಕೋರ್ಟಿಗೆ ಹೋಗಿ "ನನಗೆ ತಿಳೀಲಿಲ್ಲ, ಅವಸರದಲ್ಲಿ ಹಾಕಿಬಿಟ್ಟೆ" ಅಂತ ಅಪೀಲು ಹಾಕೋಕೆ ಬರೋಲ್ಲ. ಬರೆದ ಹಾಗೆ ಕಟ್ಟದಿದ್ದರೆ ಬ್ಯಾಂಕು ಆ ಕಾಗದ ಹಿಡಿದುಕೊಂಡೇ ವಸೂಲಿಗೆ ಬರಬಹುದು. ಮೂವತ್ತು ದಿನ ಅಂತ ಇದ್ದರೆ ಮೂವತ್ತೇ ದಿನ. ಎಮ್ಮೆ ಮಾರಲೇಬೇಕಾಗುತ್ತಿತ್ತು.

ಹಾಗಂತ ಹೆದರಿ ದೂರ ಇರೋದೂ ಸರಿಯಲ್ಲ. ಅದೇ ಬಲ ನಿಮ್ಮ ಕಡೆಗೂ ಇದೆ. ರಾಜಿಯಾದ ಮೇಲೆ ಬ್ಯಾಂಕೂ ಮಾತು ಬದಲಿಸೋ ಹಾಗಿಲ್ಲ. ರಾಜಿ ಪತ್ರದ ಒಂದು ಪ್ರತಿಯನ್ನು ಪುಕ್ಕಟೆಯಾಗಿ ಕೊಡ್ತಾರೆ. ಕೇಳಿ ತಗೊಳ್ಳಿ. ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ.

ಒಪ್ಪಿಗೆ ಆಗದಿದ್ದರೆ? "ನನಗೆ ಒಪ್ಪಿಗೆ ಇಲ್ಲ" ಅಂತ ಹೇಳಿ ಎದ್ದು ಬರಬಹುದು. ಬಲವಂತ ಮಾಡೋಕೆ ಅಲ್ಲಿ ಯಾರಿಗೂ ಅಧಿಕಾರ ಇಲ್ಲ, ಜಡ್ಜ್ ಸಾಹೇಬರಿಗೂ ಇಲ್ಲ. ಕೋರ್ಟಿನಿಂದ ಬಂದ ಕೇಸಾದರೆ ಅದು ಕೋರ್ಟಿಗೆ ವಾಪಸ್ಸು ಹೋಗುತ್ತೆ, ಅಷ್ಟೆ.

ತಕರಾರು ನಮ್ಮದಾದರೆ?

ಗಂಗಮ್ಮನನ್ನು ಬ್ಯಾಂಕು ಕರೆಸಿತು. ಒಂದೊಂದು ಸಲ ನಾವೇ ಬ್ಯಾಂಕನ್ನು ಕರೆಸಬೇಕಾಗುತ್ತೆ. ಹೇಳದೆ ಕೇಳದೆ ಖಾತೆಯಿಂದ ವಿಮೆಗೆ ಅಂತ ಹಣ ಮುರಿದಿರುತ್ತಾರೆ. ಎಟಿಎಮ್ಮಿನಲ್ಲಿ ಹಣ ಬರದೆ ಖಾತೆಯಲ್ಲಿ ಕಡಿಮೆ ಆಗಿರುತ್ತೆ. ಸಾಲ ತೀರಿದರೂ ಬೇಬಾಕಿ ಪತ್ರ ಕೊಡದೆ ಅಲೆಸುತ್ತಾರೆ. ವಸೂಲಿಯವನು ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ ಕೆಟ್ಟ ಮಾತಾಡ್ತಾನೆ. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ.

ಇಂಥದ್ದಕ್ಕೆ ಮೊದಲ ಬಾಗಿಲು ಬ್ಯಾಂಕೇ. ಬಾಯಿಮಾತು ಸಾಲದು. ಕಾಗದದಲ್ಲಿ ಬರೆದು ಕೊಡಬೇಕು. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಬೇಕು. ಆಮೇಲೆ 30 ದಿನ ಕಾಯಬೇಕು.

ಮೂವತ್ತು ದಿನ ಆದರೂ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿ ಅನ್ನಿಸಲಿಲ್ಲ. ಆಗ ಎರಡನೇ ಬಾಗಿಲು. ರಿಸರ್ವ್ ಬ್ಯಾಂಕಿನವರೇ ಒಬ್ಬ ಅಧಿಕಾರಿಯನ್ನು ಇದಕ್ಕೇ ಅಂತ ಇಟ್ಟಿದ್ದಾರೆ. ಅವರ ಹೆಸರು ಓಂಬುಡ್ಸ್‌ಮನ್. ನಾಲಿಗೆ ತಿರುಗೋದು ಕಷ್ಟ, ನಮಗೂ ಕಷ್ಟವೇ. ಲೋಕಪಾಲ ಅಂತಲೂ ಅನ್ನಬಹುದು. ಈ ಏರ್ಪಾಡು ಶುರುವಾದದ್ದು 1995ರಲ್ಲಿ. ಆಗ ಬ್ಯಾಂಕಿಗೆ ಮಾತ್ರ ಇತ್ತು. 2021ರ ನವೆಂಬರ್ 12ರಂದು ಬ್ಯಾಂಕು, ಫೈನಾನ್ಸ್ ಕಂಪನಿ ಎಲ್ಲವನ್ನೂ ಸೇರಿಸಿ ಒಂದೇ ಯೋಜನೆ ಮಾಡಿದರು.

ಇಲ್ಲೂ ಫೀಸು ಇಲ್ಲ. ವಕೀಲರು ಬೇಕಿಲ್ಲ. ದೂರು ಬರೆದು ಚಂಡೀಗಢಕ್ಕೆ ಅಂಚೆಯಲ್ಲಿ ಕಳಿಸಬಹುದು. ವಿಳಾಸ: ಭಾರತೀಯ ರಿಸರ್ವ್ ಬ್ಯಾಂಕ್, ಸೆಕ್ಟರ್ 17, ಚಂಡೀಗಢ, ಪಿನ್ 160017. ಕಂಪ್ಯೂಟರ್ ಗೊತ್ತಿರೋ ಮಕ್ಕಳಿದ್ದರೆ ರಿಸರ್ವ್ ಬ್ಯಾಂಕಿನ ದೂರಿನ ಜಾಲತಾಣದಲ್ಲೂ ಹಾಕಬಹುದು. ಹೇಗೆ ಹಾಕೋದು ಅಂತ ತಿಳಿಯಬೇಕಾದರೆ 14448ಕ್ಕೆ ಫೋನು ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಓಂಬುಡ್ಸ್‌ಮನ್ ಮೊದಲು ಮಾಡೋ ಕೆಲಸವೂ ರಾಜಿಯೇ. ಬ್ಯಾಂಕಿನ ಉತ್ತರ ತರಿಸುತ್ತಾರೆ. ನಿಮಗೂ ತೋರಿಸುತ್ತಾರೆ. ಇಬ್ಬರಿಗೂ ಒಪ್ಪಿಗೆ ಆಗುತ್ತಾ ಅಂತ ನೋಡುತ್ತಾರೆ. ಆಗದಿದ್ದರೆ ಕಾಗದಪತ್ರ ಪರಿಶೀಲಿಸಿ ತಾವೇ ತೀರ್ಮಾನ ಕೊಡಬಹುದು. ತೀರ್ಮಾನ ನಮ್ಮ ಕಡೆಗೇ ಬರುತ್ತೆ ಅಂತ ಏನೂ ಇಲ್ಲ.

ಎಲ್ಲ ದೂರನ್ನೂ ಇವರು ತಗೊಳ್ಳೋಲ್ಲ. ಕೋರ್ಟಿನಲ್ಲಿ ನಡೀತಿರೋ ವಿಷಯ ತಗೊಳ್ಳೋಲ್ಲ. "ನನಗೆ ಯಾಕೆ ಸಾಲ ಕೊಡಲಿಲ್ಲ" ಅನ್ನೋದನ್ನು ತಗೊಳ್ಳೋಲ್ಲ. ಸಾಲ ಕೊಡೋದು ಬಿಡೋದು ಬ್ಯಾಂಕಿನ ವ್ಯವಹಾರ. ಊರಿನ ವ್ಯವಸಾಯ ಸೇವಾ ಸಹಕಾರ ಸಂಘ ಇವರ ಕೈಕೆಳಗೆ ಬರೋಲ್ಲ, ಅದು ಸಹಕಾರ ಇಲಾಖೆಗೆ ಸೇರಿದ್ದು. ಬ್ಯಾಂಕಿಗೆ ಬರೆದು ಕೊಡದೆ ನೇರವಾಗಿ ಇವರಿಗೇ ಬರೆದರೆ ದೂರು ವಾಪಸ್ಸು ಬರುತ್ತೆ. ಅದಕ್ಕೇ ಆ ಮೊದಲ ಸೀಲು ಮುಖ್ಯ.

ಜಿಲ್ಲಾ ಗ್ರಾಹಕರ ಆಯೋಗ ಅಂತ ಇನ್ನೊಂದಿದೆ. 2019ರ ಹೊಸ ಗ್ರಾಹಕ ಕಾನೂನು 2020ರಲ್ಲಿ ಜಾರಿಗೆ ಬಂದ ಮೇಲೆ ಅಲ್ಲೂ ಸಂಧಾನಕ್ಕೆ ದಾರಿ ಮಾಡಿದ್ದಾರೆ. ಇಬ್ಬರೂ ಒಪ್ಪಿದರೆ ಆಯೋಗವೇ ಸಂಧಾನಕ್ಕೆ ಕಳಿಸುತ್ತೆ. ಅದರ ಪೂರ್ತಿ ವಿಷಯ ಇನ್ನೊಂದು ಪಾಠಕ್ಕೆ ಇರಲಿ.

ಒಂದು ಎಚ್ಚರಿಕೆ. ಯಾರೋ ಫೋನು ಮಾಡಿ ನಂಬರು ಕೇಳಿ, ಖಾತೆಯ ಹಣ ಎಗರಿಸಿದರೆ ಅದು ತಕರಾರಲ್ಲ, ಕಳ್ಳತನ. ಆಗ 30 ದಿನ ಕಾಯಬೇಡಿ. ಆ ಗಳಿಗೆಯಲ್ಲೇ ಬ್ಯಾಂಕಿಗೂ 1930 ನಂಬರಿಗೂ ಫೋನು ಮಾಡಿ.

ಕಾಗದ ಬರೆಯೋಣ

ಬ್ಯಾಂಕಿಗೆ ಬರೆಯುವ ಕಾಗದ ಉದ್ದ ಇರಬೇಕಿಲ್ಲ. ಗಂಗಮ್ಮ ಮೂರು ಕಂತು ಕಾಣಿಸದ ದಿನವೇ ಬರೆದಿದ್ದರೆ ಹೀಗೆ ಬರೆಯಬಹುದಿತ್ತು.

ಮ್ಯಾನೇಜರ್ ಅವರಿಗೆ,

ನನ್ನ ಹೆಸರು ಗಂಗಮ್ಮ. ನನ್ನ ಸಾಲದ ಖಾತೆ ನಂಬರು …………. ನಾನು ಬ್ಯಾಂಕ್ ಮಿತ್ರರ ಹತ್ತಿರ ಮೂರು ಕಂತು ಕಟ್ಟಿದ್ದೇನೆ. ತಾರೀಖುಗಳು ……, ……, ……. ಒಂದೊಂದು ಕಂತು 2,000 ರೂಪಾಯಿ. ಒಟ್ಟು 6,000 ರೂಪಾಯಿ. ಈ ಹಣ ನನ್ನ ಖಾತೆಗೆ ಬಂದಿಲ್ಲ. ಚೀಟಿಯ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಹುಡುಕಿ ನನ್ನ ಖಾತೆಗೆ ಜಮಾ ಮಾಡಿ. ಏನು ಮಾಡಿದಿರಿ ಅಂತ ನನಗೆ ಬರೆದು ತಿಳಿಸಿ.

ಇಂತಿ,
ಗಂಗಮ್ಮ
ಊರು, ತಾರೀಖು, ಫೋನ್ ನಂಬರು

ನೋಡಿ, ಇದರಲ್ಲಿ ಬೈಗುಳ ಇಲ್ಲ. ಬೇಡಿಕೊಳ್ಳುವುದೂ ಇಲ್ಲ. ಏನಾಯಿತು, ಎಷ್ಟು ಹಣ, ಯಾವ ತಾರೀಖು, ಏನು ಮಾಡಬೇಕು, ಇಷ್ಟೇ ಇದೆ.

ಈಗ ನಿಮ್ಮ ಪಾಸ್‌ಬುಕ್ಕು ತೆಗೆಯಿರಿ. ಕೊನೆಯ ಸಲ ಪ್ರಿಂಟು ಹಾಕಿಸಿದ್ದು ಯಾವಾಗ, ನೋಡಿ. ನಿಮ್ಮ ಖಾತೆ ನಂಬರನ್ನು ಅಂಕಿ ಬಿಡದೆ ಐದು ಸಲ ಬರೆಯಿರಿ. ಮನೆಯಲ್ಲಿ ಬ್ಯಾಂಕಿನ ಚೀಟಿ ಇದ್ದರೆ ಅದರ ನಂಬರಿನ ಜೊತೆ ಹೋಲಿಸಿ. ಕೊನೆಯ ಅಂಕಿಯವರೆಗೂ ನೋಡಿ. ಬೇರೆ ಇದ್ದರೆ ಮೇಲಿನ ಕಾಗದವನ್ನು ನಿಮ್ಮ ಹೆಸರಿನಲ್ಲಿ ಎರಡು ಪ್ರತಿ ಬರೆಯಿರಿ. ಒಂದು ಬ್ಯಾಂಕಿಗೆ. ಸೀಲು ಹಾಕಿಸಿಕೊಂಡ ಇನ್ನೊಂದು ನಿಮಗೆ.